ರಬ್ಬರ್ ಮರದ ಹಾಲು ಇರುವುದು ತೊಗಟೆಯಲ್ಲಿ

ಅಡಿಕೆಗೆ ಹಳದಿ ಎಲೆ ರೋಗ ಬಂದ ಊರುಗಳಲ್ಲಿ, ಗುಡ್ಡೆಯ ಗೇರಿನಿಂದ ಹೆಚ್ಚೇನೂ ಗಿಟ್ಟದ ಊರುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ರಬ್ಬರ್ ಹಾಕಿದರೆ ಹೇಗೆ? ಕೇಳುವವರು ಸಾಮಾನ್ಯವಾಗಿ ಎರಡು ಸಂಗತಿ ವಿಚಾರಿಸುತ್ತಾರೆ. ಯಾವ ಗಿಡ ಒಳ್ಳೆಯದು, ಈಗ ರೇಟು ಎಷ್ಟು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕೂ ಮೊದಲು ಕೇಳಬೇಕಾದ ಇನ್ನೊಂದಿದೆ. ಏಳು ವರ್ಷದ ಮೇಲೆ ಈ ಮರಗಳನ್ನು ಕೆತ್ತುವವರು ಯಾರು? ಅವರ ಕೈ ಎಷ್ಟು ಹಗುರ? ರಬ್ಬರ್ ತೋಟ ಮೂವತ್ತು ವರ್ಷ ಬಾಳುತ್ತದೋ ಹದಿನೈದಕ್ಕೇ ಮುಗಿಯುತ್ತದೋ ಎಂಬುದು ಬಹುಪಾಲು ಇದರ ಮೇಲೆ ನಿಂತಿದೆ. ಯಾಕೆಂದು ತಿಳಿಯಲು ಮರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ರಬ್ಬರ್ ಮರದ ಸಸ್ಯಶಾಸ್ತ್ರೀಯ ಹೆಸರು ಹೆವಿಯಾ ಬ್ರೆಸಿಲಿಯೆನ್ಸಿಸ್. ಹೆವಿಯಾ ಎಂಬುದು ಕುಲದ ಹೆಸರು. ಅದರಲ್ಲಿ ಸುಮಾರು ಹತ್ತು ಪ್ರಭೇದಗಳಿವೆ, ಎಲ್ಲದರ ತವರೂ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ತೋಟದ ಬೆಳೆಯಾಗಿ ಲೋಕವೆಲ್ಲ ಹರಡಿದ್ದು ಇದೊಂದೇ. ಇದು ಯೂಫೋರ್ಬಿಯೇಸಿ ಕುಟುಂಬಕ್ಕೆ ಸೇರಿದ್ದು. ಹಾಗೆಂದರೆ ಬೇರೇನಲ್ಲ, ನಮ್ಮ ಹರಳು, ಮರಗೆಣಸು, ಬೇಲಿಯ ಕಾಡುಹರಳು, ಕಳ್ಳಿ ಇವೆಲ್ಲ ಇರುವ ಬಳಗ. ರಬ್ಬರ್ ಎಲೆ ಮೂರು ಎಸಳಿನದು. ಕಾಯಿಯೂ ಮೂರು ಹೋಳಿನದು. ಬಲಿತ ಕಾಯಿ ಬಿಸಿಲಿಗೆ ಚಟ್ಟನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಮರಗೆಣಸಿನಲ್ಲಿರುವಂಥದೇ ಸಯನೈಡ್ ಹುಟ್ಟಿಸುವ ಅಂಶ ಈ ಬೀಜದಲ್ಲೂ ಎಲೆಯಲ್ಲೂ ಇದೆ. ಆದ್ದರಿಂದ ದನ, ಆಡುಗಳನ್ನು ರಬ್ಬರ್ ತೋಟದಲ್ಲಿ ಬಿಟ್ಟು ಮೇಯಿಸಬೇಡಿ. ಮಕ್ಕಳು ಬೀಜ ಆರಿಸಿ ಆಡುವಾಗಲೂ ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಈ ಮರ ನಮ್ಮಲ್ಲಿಗೆ ಬಂದ ಕಥೆಯಲ್ಲಿ ಕೃಷಿಕರಿಗೆ ಉಪಯೋಗವಾಗುವ ಒಂದು ಭಾಗವಿದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷರವನು ಬ್ರೆಜಿಲಿನ ಟಪಜೋಸ್ ನದಿ ಕಡೆಯಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳು ಶ್ರೀಲಂಕಾಕ್ಕೆ ಹೋದವು, ಅಲ್ಲಿಂದ ಏಷ್ಯಾದ ಬೇರೆ ಕಡೆಗೆ ಹಬ್ಬಿದವು. ಭಾರತದಲ್ಲಿ ವಾಣಿಜ್ಯ ತೋಟ ಶುರುವಾದದ್ದು 1902ರಲ್ಲಿ, ಕೇರಳದ ಪೆರಿಯಾರ್ ದಡದ ತಟ್ಟೇಕ್ಕಾಡಿನಲ್ಲಿ.

ಕೃಷಿಕರಿಗೆ ಉಪಯೋಗದ ಭಾಗ ಎಂದೆನಲ್ಲ, ಅದು ಇದು. ಅಮೆಜಾನಿನ ಕಾಡಿನಲ್ಲಿ ಜನ ಸಣ್ಣ ಕೊಡಲಿಯಿಂದ ಮರಕ್ಕೆ ಏಟು ಹಾಕಿ ಹಾಲು ಹಿಡಿಯುತ್ತಿದ್ದರು. ದಿನಕ್ಕೊಂದು ಹೊಸ ಗಾಯ. ಗಾಯದ ಜಾಗದಲ್ಲಿ ಗಂಟು ಕಟ್ಟುತ್ತಿತ್ತು, ಮರ ಬೇಗ ಹಾಳಾಗುತ್ತಿತ್ತು. ಸಿಂಗಪುರದ ಸಸ್ಯೋದ್ಯಾನದ ಹೆನ್ರಿ ರಿಡ್ಲಿ 1890ರ ದಶಕದಲ್ಲಿ ಬೇರೆ ದಾರಿ ಹಿಡಿದ. ಹೊಸ ಗಾಯ ಮಾಡುವ ಬದಲು ಹಳೆಯ ಗಾಯದ ಅಂಚಿನಿಂದಲೇ ತೆಳ್ಳನೆಯ ಒಂದು ಪದರ ಕೆತ್ತಿ ತೆಗೆದರೆ ಹಾಲು ಮತ್ತೆ ಹರಿಯುತ್ತದೆ, ಕೆತ್ತಿದ ಕಡೆ ತೊಗಟೆ ಮರಳಿ ಬೆಳೆಯುತ್ತದೆ ಎಂದು ತೋರಿಸಿದ. ಇಂದು ಸುಳ್ಯದಲ್ಲೂ ಕೋಟ್ಟಯಂನಲ್ಲೂ ಬೆಳಗಾಗುವ ಮೊದಲು ನಡೆಯುವ ಕೆಲಸ ಅದೇ. ರಬ್ಬರ್ ತೋಟಗಾರಿಕೆ ಎಂಬುದೊಂದು ಸಾಧ್ಯವಾದದ್ದೇ ಇದರಿಂದ ಎಂದು ನನ್ನ ಎಣಿಕೆ.

ಈಗ ಹಾಲಿನ ವಿಷಯಕ್ಕೆ ಬರೋಣ. ಅನೇಕರು ರಬ್ಬರ್ ಹಾಲು ಅಂದರೆ ಮರದ ನೀರು, ಬೇರಿನಿಂದ ಮೇಲೇರುವ ರಸ ಎಂದುಕೊಂಡಿದ್ದಾರೆ. ಅಲ್ಲ. ಬೇರಿನಿಂದ ನೀರು ಏರುವುದು ಒಳಗಿನ ಕಟ್ಟಿಗೆಯಲ್ಲಿ. ಕಾಂಡದಲ್ಲಿ ಹಾಲು, ಅಂದರೆ ಲೇಟೆಕ್ಸ್, ಇರುವುದು ತೊಗಟೆಯಲ್ಲಿ ಮಾತ್ರ. ತೊಗಟೆಯ ಒಳಪದರದಲ್ಲಿ ಕೂದಲಿಗಿಂತ ಸಣ್ಣ ನಾಳಗಳು ಸುತ್ತು ಸುತ್ತಾಗಿ ನಿಂತಿರುತ್ತವೆ. ಹೊರಗಿನ ಒರಟು ಪದರದಲ್ಲಿ ನಾಳಗಳು ಕಡಿಮೆ. ಒಳಕ್ಕೆ ಹೋದಷ್ಟೂ ಹೆಚ್ಚು. ಎಲ್ಲಕ್ಕಿಂತ ಒಳಗೆ, ತೊಗಟೆಗೂ ಕಟ್ಟಿಗೆಗೂ ನಡುವೆ ಕಾಗದದಷ್ಟು ತೆಳುವಾದ ಜೀವಂತ ಪೊರೆಯೊಂದಿದೆ. ಅದಕ್ಕೆ ಕ್ಯಾಂಬಿಯಂ ಎನ್ನುತ್ತಾರೆ. ಹೊಸ ತೊಗಟೆಯನ್ನೂ ಹೊಸ ಕಟ್ಟಿಗೆಯನ್ನೂ ಹುಟ್ಟಿಸುವುದು ಈ ಪೊರೆಯೇ.

ಟ್ಯಾಪರ್‌ನ, ಅಂದರೆ ಮರ ಕೆತ್ತುವವನ ಕಷ್ಟ ಇಲ್ಲಿ ಅರ್ಥವಾಗುತ್ತದೆ. ಹಾಲು ಹೆಚ್ಚಿರುವ ನಾಳಗಳು ಕ್ಯಾಂಬಿಯಂಗೆ ಅಂಟಿಕೊಂಡ ಹಾಗೇ ಇವೆ. ಕತ್ತಿ ಸಾಕಷ್ಟು ಒಳಗೆ ಹೋಗದಿದ್ದರೆ ಹಾಲು ಸಿಗುವುದಿಲ್ಲ. ಕ್ಯಾಂಬಿಯಂಗೆ ತಾಗಿದರೆ ಗಾಯ ಆಗುತ್ತದೆ, ಅಲ್ಲಿ ಗಂಟು ಬರುತ್ತದೆ, ಆ ಜಾಗದಲ್ಲಿ ಮುಂದೆ ಸರಿಯಾಗಿ ಕೆತ್ತಲು ಆಗುವುದೇ ಇಲ್ಲ. ಒಳ್ಳೆಯ ಟ್ಯಾಪರ್‌ನ ಕತ್ತಿ ಕ್ಯಾಂಬಿಯಂನಿಂದ ಒಂದು ಮಿಲಿಮೀಟರ್‌ಗೂ ಕಡಿಮೆ ದೂರದಲ್ಲಿ ನಿಲ್ಲುತ್ತದೆ. ಅದೂ ಕತ್ತಲಲ್ಲಿ, ತಲೆಗೆ ಕಟ್ಟಿದ ಟಾರ್ಚಿನ ಬೆಳಕಲ್ಲಿ, ಒಂದು ಬೆಳಗಿಗೆ ಸುಮಾರು ಮುನ್ನೂರು ಮರ. ಇಂಥ ಕೆಲಸವನ್ನು ಬರೀ ಕೂಲಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕತ್ತಲಲ್ಲೇ ಯಾಕೆ? ರಾತ್ರಿ ಎಲೆಯಿಂದ ನೀರು ಆರಿಹೋಗುವುದು ಕಡಿಮೆ. ಮರದ ಕೋಶಗಳೆಲ್ಲ ನೀರು ತುಂಬಿ ಬಿಗಿಯಾಗಿರುತ್ತವೆ. ನಾಳದೊಳಗಿನ ಒತ್ತಡ ಬೆಳಗಾಗುವ ಮೊದಲು ಅತಿ ಹೆಚ್ಚು. ಆಗ ಕೊಯ್ದರೆ ಹಾಲು ತಾನಾಗಿ ಹೊರಗೆ ಚಿಮ್ಮುತ್ತದೆ. ಬಿಸಿಲೇರಿದ ಮೇಲೆ ಒತ್ತಡ ಇಳಿಯುತ್ತದೆ. ಎರಡು ಮೂರು ಗಂಟೆ ಹರಿದ ಮೇಲೆ ಹಾಲು ತನ್ನಷ್ಟಕ್ಕೇ ನಿಲ್ಲುತ್ತದೆ, ಏಕೆಂದರೆ ನಾಳದ ಬಾಯಲ್ಲಿ ರಬ್ಬರ್ ಕಣಗಳು ಹೆಪ್ಪುಗಟ್ಟಿ ಬಿರಡೆ ಹಾಕುತ್ತವೆ. ಹಾಲಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು, ಅಂದರೆ ಶೇಕಡಾ 30ರಿಂದ 40 ರಬ್ಬರ್, ಉಳಿದದ್ದು ಬಹುಪಾಲು ನೀರು. ಹಾಗೆ ಹೋದ ರಬ್ಬರನ್ನು ಮರ ಮತ್ತೆ ತಯಾರಿಸಿ ನಾಳ ತುಂಬಿಸಿಕೊಳ್ಳಬೇಕು. ಅದಕ್ಕೆ ಎರಡು ಮೂರು ದಿನವಾದರೂ ಬೇಕು.

ಮರಕ್ಕೆ ನೋವಾಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಕೆತ್ತಿದಾಗೆಲ್ಲ ಮರ ತನ್ನ ಆಹಾರದ ಒಂದು ಭಾಗವನ್ನು ಹಾಲು ತುಂಬಿಸಲು ಖರ್ಚು ಮಾಡುತ್ತದೆ, ಆದ್ದರಿಂದ ಕೆತ್ತುವ ಮರ ಕೆತ್ತದ ಮರಕ್ಕಿಂತ ನಿಧಾನವಾಗಿ ದಪ್ಪವಾಗುತ್ತದೆ. ಮಿತಿ ಮೀರಿದರೆ ಒಂದು ದಿನ ಹಾಲೇ ಬರುವುದಿಲ್ಲ. ಕೆತ್ತಿದ ಗೆರೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕೇಂದ್ರ ಸರ್ಕಾರದ ರಬ್ಬರ್ ಮಂಡಳಿಯವರು ಇದನ್ನು ಪ್ಯಾನಲ್ ಡ್ರೈನೆಸ್ ಎನ್ನುತ್ತಾರೆ, ತೋಟದಲ್ಲಿ ‘ಮರ ಒಣಗಿತು’ ಎನ್ನುತ್ತಾರೆ. ಮರ ಸತ್ತಿರುವುದಿಲ್ಲ, ಹಸಿರಾಗೇ ನಿಂತಿರುತ್ತದೆ. ಹಾಲು ಮಾತ್ರ ಇಲ್ಲ. ಒಮ್ಮೆ ಹೀಗಾದರೆ ಖಚಿತವಾದ ಮದ್ದಿಲ್ಲ. ಕೂಡಲೇ ಕೆತ್ತುವುದನ್ನು ನಿಲ್ಲಿಸಿ ವಿಶ್ರಾಂತಿ ಕೊಡುವುದೊಂದೇ ದಾರಿ. ರೇಟು ಏರಿದ ವರ್ಷ ದಿನವೂ ಕೆತ್ತಿಸಿದವರ ತೋಟದಲ್ಲಿ ಇಂಥ ಮರಗಳು ಸಾಲಾಗಿ ಕಾಣುತ್ತವೆ.

ಯಾವಾಗ ಕೆತ್ತಲು ಶುರು ಮಾಡಬಹುದು? ವಯಸ್ಸು ನೋಡಿ ಅಲ್ಲ, ಸುತ್ತಳತೆ ನೋಡಿ. ಕಸಿ ಗಿಡವಾದರೆ ಕಸಿಯ ಗುರುತಿನಿಂದ 125 ಸೆಂಟಿಮೀಟರ್ ಎತ್ತರದಲ್ಲಿ ಮರದ ಸುತ್ತಳತೆ 50 ಸೆಂಟಿಮೀಟರ್ ಆಗಿರಬೇಕು. ತೋಟದಲ್ಲಿ ನೂರಕ್ಕೆ ಎಪ್ಪತ್ತು ಮರ ಈ ಅಳತೆ ಮುಟ್ಟಿದ ಮೇಲೆ ಕೆಲಸ ಆರಂಭಿಸಬಹುದು. ಚೆನ್ನಾಗಿ ಸಾಕಿದ ತೋಟಕ್ಕೆ ಇದಕ್ಕೆ ಸುಮಾರು ಏಳು ವರ್ಷ ಬೇಕು. ಹೊಸ ಎಲೆ ಬಲಿತ ಮೇಲೆ, ಮಾರ್ಚ್ ಹೊತ್ತಿಗೆ ಆರಂಭಿಸುವುದು ಒಳ್ಳೆಯದು. ಆಗ ಅಳತೆಗೆ ಬಾರದ ಮರಗಳನ್ನು ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಅಳೆದು ನೋಡಿ. ಸಣ್ಣ ಮರವನ್ನು ಕೆತ್ತಿದರೆ ಅದು ಆಮೇಲೆ ದಪ್ಪವಾಗುವುದೇ ಕಷ್ಟ.

ಮೊದಲ ಗೆರೆ 125 ಸೆಂಟಿಮೀಟರ್ ಎತ್ತರದಲ್ಲಿ. ಮರದ ಸುತ್ತಿನ ಅರ್ಧಭಾಗಕ್ಕೆ ಮಾತ್ರ ಗೆರೆ ಹಾಕುತ್ತಾರೆ. ಈ ಅರ್ಧಭಾಗವೇ ಒಂದು ಪ್ಯಾನಲ್. ಉಳಿದ ಅರ್ಧ ಮುಂದಿನ ವರ್ಷಗಳಿಗೆ. ನೀವು ಮರಕ್ಕೆ ಮುಖಮಾಡಿ ನಿಂತರೆ ಗೆರೆ ಎಡಗಡೆ ಮೇಲೆ ಇದ್ದು ಬಲಗಡೆ ಕೆಳಗೆ ಇಳಿಯಬೇಕು, ಸುಮಾರು 30 ಡಿಗ್ರಿ ಓರೆಯಲ್ಲಿ. ಇದಕ್ಕೆ ಕಾರಣವಿದೆ. ತೊಗಟೆಯ ನಾಳಗಳು ನೇರವಾಗಿ ನಿಂತಿಲ್ಲ. ಮೇಲಕ್ಕೆ ಹೋಗುತ್ತ ಬಲಕ್ಕೆ ಸ್ವಲ್ಪ ವಾಲುತ್ತವೆ. ಎಡದಿಂದ ಬಲಕ್ಕೆ ಇಳಿಸಿದ ಗೆರೆ ಹೆಚ್ಚು ನಾಳಗಳನ್ನು ಅಡ್ಡಕ್ಕೆ ಕತ್ತರಿಸುತ್ತದೆ. ಉಲ್ಟಾ ಎಳೆದರೆ ಹಾಲು ಕಡಿಮೆ. ಮೊದಲ ಗೆರೆ ಹಾಕುವಾಗ ತಗಡಿನ ಅಚ್ಚು ಇಟ್ಟು ಗುರುತು ಮಾಡುತ್ತಾರೆ. ಆ ದಿನ ನೀವೇ ತೋಟದಲ್ಲಿದ್ದು ನೋಡಿಕೊಳ್ಳಿ.

ಇನ್ನು ಲೆಕ್ಕ. ಕಾಗದ ಪೆನ್ನು ತೆಗೆದುಕೊಂಡರೆ ಒಳ್ಳೆಯದು. ಒಂದು ಸಲ ಕೆತ್ತಿದಾಗ ಸುಮಾರು ಒಂದೂವರೆ ಮಿಲಿಮೀಟರ್ ತೊಗಟೆ ಹೋಗಬೇಕು. ದಿನ ಬಿಟ್ಟು ದಿನ ಕೆತ್ತಿದರೆ, ಮಳೆ ಮತ್ತು ಎಲೆ ಉದುರುವ ಕಾಲ ಕಳೆದು ವರ್ಷಕ್ಕೆ 150 ಸಲ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಇಪ್ಪತ್ತೆರಡೂವರೆ ಸೆಂಟಿಮೀಟರ್ ತೊಗಟೆ. ಅಂದರೆ ಒಂದು ಪ್ಯಾನಲ್ ಐದು ವರ್ಷಕ್ಕೆ ಬುಡದ ಹತ್ತಿರ ಬರುತ್ತದೆ. ಆಮೇಲೆ ಇನ್ನೊಂದು ಬದಿ, ಅದೂ ಐದು ವರ್ಷ. ಅಷ್ಟರಲ್ಲಿ ಮೊದಲನೆಯ ಬದಿಯ ತೊಗಟೆ ಹೊಸದಾಗಿ ಬೆಳೆದು ಬಲಿತಿರುತ್ತದೆ. ಅದನ್ನು ಮತ್ತೆ ಕೆತ್ತಬಹುದು. ಹೀಗೆ ಇಪ್ಪತ್ತು ವರ್ಷ ದಾಟುತ್ತದೆ. ಈಗ ಅವಸರದ ಟ್ಯಾಪರ್ ಒಬ್ಬ ಒಂದು ಸಲಕ್ಕೆ ಎರಡೂವರೆ ಮಿಲಿಮೀಟರ್ ಕೆತ್ತಿದ ಎನ್ನಿ. ವರ್ಷಕ್ಕೆ ಮೂವತ್ತೇಳೂವರೆ ಸೆಂಟಿಮೀಟರ್. ಪ್ಯಾನಲ್ ಮೂರು ವರ್ಷದಲ್ಲಿ ಮುಗಿಯಿತು. ಇನ್ನೊಂದು ಬದಿಯೂ ಅಷ್ಟೇ. ಆರು ವರ್ಷಕ್ಕೆ ಮರಳಿ ಬಂದರೆ ಮೊದಲ ಬದಿಯ ತೊಗಟೆ ಇನ್ನೂ ಎಳೆಯದು. ಕಣ್ಣಿಗೆ ಕಾಣದ ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ತೋಟದ ಅರ್ಧ ಆಯುಸ್ಸು ಹೋಗುತ್ತದೆ. ಹೆಚ್ಚು ದಪ್ಪ ಕೆತ್ತಿದರೆ ಹಾಲು ಹೆಚ್ಚು ಬರುತ್ತದೆ ಎಂಬ ನಂಬಿಕೆ ತಪ್ಪು. ಹಾಲಿಗೆ ಬೇಕಾದದ್ದು ಆಳ, ಕೆಳಮುಖವಾಗಿ ತೆಗೆಯುವ ದಪ್ಪ ಅಲ್ಲ. ಆದ್ದರಿಂದ ವರ್ಷದ ಆರಂಭದಲ್ಲಿ ಗೆರೆಯ ಮಟ್ಟದಲ್ಲಿ ಮರಕ್ಕೆ ಪೈಂಟಿನಿಂದ ಒಂದು ಗುರುತು ಹಾಕಿ ಇಟ್ಟುಕೊಳ್ಳಿ. ವರ್ಷದ ಕೊನೆಗೆ ಅಳತೆ ಟೇಪು ಹಿಡಿದರೆ ಯಾರ ಮಾತೂ ಕೇಳಬೇಕಾಗಿಲ್ಲ.

ಟ್ಯಾಪರ್ ಸಿಗದ ಇಂದಿನ ಕಾಲಕ್ಕೆ ಕೆತ್ತುವ ದಿನಗಳ ನಡುವಿನ ಎಡೆ ಹೆಚ್ಚಿಸುವುದು ಒಳ್ಳೆಯ ಉಪಾಯ. ಮೂರು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಕೂಡ ಕೆತ್ತಬಹುದು. ರಬ್ಬರ್ ಮಂಡಳಿಯೇ ಇದನ್ನು ಪ್ರೋತ್ಸಾಹಿಸುತ್ತಿದೆ. ವಾರಕ್ಕೊಮ್ಮೆ ಆದರೆ ಹಾಲು ಕಡಿಮೆಯಾಗುವುದಿಲ್ಲವೇ? ಒಂದು ಸಲಕ್ಕೆ ಬರುವ ಹಾಲು ಹೆಚ್ಚುತ್ತದೆ, ಆದರೆ ಎಡೆ ಹೆಚ್ಚಿದಷ್ಟೇ ಪಟ್ಟು ಹೆಚ್ಚುವುದಿಲ್ಲ. ಆ ಕೊರತೆ ತುಂಬಲು ಎಥೆಫಾನ್ ಎಂಬ ದ್ರಾವಣವನ್ನು ಗೆರೆಯ ಬಳಿ ತೆಳುವಾಗಿ ಹಚ್ಚುತ್ತಾರೆ. ಅದು ನಾಳದ ಬಾಯಿ ಬೇಗ ಕಟ್ಟದಂತೆ ತಡೆಯುತ್ತದೆ, ಹಾಲು ಹೆಚ್ಚು ಹೊತ್ತು ಹರಿಯುತ್ತದೆ. ಎಡೆ ಹೆಚ್ಚಿಸಿದ ತೋಟಕ್ಕೆ ಮಾತ್ರ ಇದು. ದಿನ ಬಿಟ್ಟು ದಿನ ಕೆತ್ತುತ್ತ ಎಥೆಫಾನನ್ನೂ ಹಚ್ಚಿದರೆ ಮರ ಒಣಗುವುದನ್ನು ನೀವೇ ಕರೆದು ತಂದ ಹಾಗೆ. ಪ್ರಮಾಣ ಮತ್ತು ತಿಂಗಳುಗಳ ಪಟ್ಟಿಯನ್ನು ನಿಮ್ಮ ತಳಿ ಯಾವುದೆಂದು ಹೇಳಿ ಮಂಡಳಿಯ ಕ್ಷೇತ್ರಾಧಿಕಾರಿಯಿಂದಲೇ ಬರೆಸಿಕೊಳ್ಳಿ, ಅಂಗಡಿಯವರ ಮಾತಿಗೆ ಹಚ್ಚಬೇಡಿ.

ಒಬ್ಬ ಟ್ಯಾಪರ್ ದಿನಕ್ಕೆ 300 ಮರ ಕೆತ್ತಿದರೆ ದಿನ ಬಿಟ್ಟು ದಿನದ ಪದ್ಧತಿಯಲ್ಲಿ 600 ಮರ ನೋಡಬಲ್ಲ. ವಾರಕ್ಕೊಮ್ಮೆಯ ಪದ್ಧತಿಯಲ್ಲಿ ಆರು ದಿನ ದುಡಿದರೆ 1,800 ಮರ, ಸರಿಸುಮಾರು ಹತ್ತು ಎಕರೆ. ಅಕ್ಕಪಕ್ಕದ ಮೂರು ನಾಲ್ಕು ಸಣ್ಣ ತೋಟದವರು ಸೇರಿ ಒಬ್ಬ ಒಳ್ಳೆಯ ಟ್ಯಾಪರ್‌ನನ್ನು ಇಟ್ಟುಕೊಳ್ಳಬಹುದು. ಒಂದೇ ಎಕರೆ ಇದ್ದವರು ವಾರಕ್ಕೊಂದು ಬೆಳಗು ತಾವೇ ಕೆತ್ತಿಕೊಳ್ಳಲೂ ಬಹುದು.

ನಮ್ಮ ಮಳೆ ಈ ಕೆಲಸಕ್ಕೆ ದೊಡ್ಡ ಅಡ್ಡಿ. ಒದ್ದೆ ತೊಗಟೆಯ ಮೇಲೆ ಕೆತ್ತಿದರೆ ಹಾಲು ಗೆರೆ ಬಿಟ್ಟು ಮರದ ಮೈಮೇಲೆ ಹರಡಿ ಹೋಗುತ್ತದೆ. ಅದಕ್ಕೆ ರೈನ್ ಗಾರ್ಡ್ ಕಟ್ಟುತ್ತಾರೆ. ಗೆರೆಯ ಮೇಲ್ಗಡೆ ಅಂಟು ಹಚ್ಚಿ ಪ್ಲಾಸ್ಟಿಕ್ ಹಾಳೆಯನ್ನು ಲಂಗದ ಹಾಗೆ ನೆರಿಗೆ ಹಿಡಿದು ಸುತ್ತುವುದು. ಮೇ ತಿಂಗಳಲ್ಲಿ ಮೊದಲ ಮಳೆಗೆ ಮುಂಚೆ ಇದು ಮುಗಿದಿರಬೇಕು. ಕಟ್ಟಿದ ಮೇಲೆ ಒಳಗೆ ತೇವ ಉಳಿದು ಗೆರೆಗೆ ಬೂಸ್ಟು ಹಿಡಿಯುತ್ತದೆ, ಆದ್ದರಿಂದ ಮಳೆಗಾಲದುದ್ದಕ್ಕೂ ಶಿಲೀಂಧ್ರನಾಶಕದ ನೀರನ್ನು ಗೆರೆಗೆ ಸವರುತ್ತಿರಬೇಕು. ಇದು ಬೇಡವೆನ್ನುವವರು ಮಳೆಗಾಲ ಪೂರ್ತಿ ಕೆಲಸ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸುವವರಿಗೆ ಒಂದು ಮಾತು. ಹಾಲು ಹಿಡಿಯಲು ಕಟ್ಟಿದ ಗೆರಟೆಗಳನ್ನು, ಪ್ಲಾಸ್ಟಿಕ್ ಕಪ್ಪುಗಳನ್ನು ಕವುಚಿ ಹಾಕದೆ ಬಿಡಬೇಡಿ. ಒಂದು ಎಕರೆಯಲ್ಲಿ ನೂರ ಎಂಬತ್ತು ಗೆರಟೆ ನೀರು. ಡೆಂಗಿ ಹರಡುವ ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ದಕ್ಷಿಣ ಕನ್ನಡದ ರಬ್ಬರ್ ಊರುಗಳಲ್ಲಿ ಮಳೆಗಾಲ ಬಂದರೆ ಆರೋಗ್ಯ ಇಲಾಖೆಯವರು ತೋಟ ತೋಟ ತಿರುಗುವುದು ಇದಕ್ಕಾಗಿಯೇ. ಅವರು ಬರುವ ತನಕ ಕಾಯುವುದೇಕೆ? ಮನೆಯ ಮಕ್ಕಳಿಗೆ ಜ್ವರ ಬಂದ ಮೇಲೆ ಗೆರಟೆ ಕವುಚಿ ಫಲವಿಲ್ಲ.

ನೆಡುವ ವಿಚಾರ ಹೆಚ್ಚು ಹೇಳಬೇಕಾಗಿಲ್ಲ, ತಿಳಿಸುವವರು ಬಹಳ ಮಂದಿ ಇದ್ದಾರೆ. ವರ್ಷಕ್ಕೆ 2,000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಒಂದು ಮೀಟರ್ ಆದರೂ ಆಳದ ಮಣ್ಣು, ನೀರು ನಿಲ್ಲದ ಇಳಿಜಾರು ಇದ್ದರೆ ಆಯಿತು. ಕರಾವಳಿ ಮತ್ತು ಘಟ್ಟದ ಬುಡದ ಕೆಂಪು ಗುಡ್ಡೆಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಅಡಿಕೆಯ ಕಣಿವೆ ತೋಟದ ಜೌಗು ಮಣ್ಣು ಆಗದು. ಎಕರೆಗೆ 170ರಿಂದ 180 ಗಿಡ. ಗುಂಡಿ ಮುಕ್ಕಾಲು ಮೀಟರ್ ಉದ್ದ, ಅಗಲ, ಆಳ. ಜೂನ್‌ನ ಮಳೆ ಹಿಡಿದ ಮೇಲೆ ನೆಡುವುದು. ನಮ್ಮಲ್ಲಿ ಮಳೆ ನಾಲ್ಕೇ ತಿಂಗಳಲ್ಲಿ ಸುರಿದು ಹೋಗಿ ಡಿಸೆಂಬರ್‌ನಿಂದ ಮೇ ತನಕ ಒಣಗಾಳಿ. ಮೊದಲ ಬೇಸಗೆಗೆ ಹೆಣೆದ ತೆಂಗಿನ ಗರಿಯ ಮರೆ ಕಟ್ಟಿ, ಬುಡಕ್ಕೆ ಸೊಪ್ಪು ಮುಚ್ಚಿ. ಎರಡನೆಯ ಬೇಸಗೆಯಿಂದ ಕಾಂಡಕ್ಕೆ ಸುಣ್ಣ ಬಳಿಯಿರಿ. ಬಿಸಿಲಿಗೆ ಸುಟ್ಟ ತೊಗಟೆ ಮುಂದೆ ಕೆತ್ತಲು ಬರುವುದಿಲ್ಲ. ಸಾಲಿನ ನಡುವೆ ಮೊದಲ ಮೂರು ವರ್ಷ ಅನಾನಸು, ಬಾಳೆ ಹಾಕಬಹುದು. ಇಲ್ಲವೇ ಮ್ಯೂಕುನಾ, ಪ್ಯುರೇರಿಯಾ ಎಂಬ ದ್ವಿದಳ ಬಳ್ಳಿ ಹಬ್ಬಿಸಿದರೆ ಮಣ್ಣು ಕೊಚ್ಚಿಹೋಗುವುದಿಲ್ಲ, ಸಾರಜನಕವೂ ಸಿಗುತ್ತದೆ. ಆದರೆ ಒಂದನ್ನು ಒತ್ತಿ ಹೇಳುತ್ತೇನೆ. ಇದ್ದ ಕಾಡು ಕಡಿದು ರಬ್ಬರ್ ಹಾಕಬೇಡಿ. ಒಂದೇ ಜಾತಿಯ ಮರದ ತೋಟ ಕಾಡು ಕೊಡುವುದನ್ನು ಎಂದೂ ಕೊಡಲಾರದು. ಬೋಳಾಗಿ ಬಿದ್ದ ಗುಡ್ಡೆಗಳು ಬೇಕಾದಷ್ಟಿವೆ.

ಗಿಡ ಕೊಳ್ಳುವಾಗ ತಳಿ ಕೇಳಿ. ಬೀಜದ ಗಿಡ ಒಂದೊಂದು ಒಂದೊಂದು ಥರ ಹಾಲು ಕೊಡುತ್ತದೆ, ಅದಕ್ಕೇ ಒಳ್ಳೆಯ ತಾಯಿಮರದ ಮೊಗ್ಗನ್ನು ತಂದು ಕಸಿ ಕಟ್ಟುತ್ತಾರೆ. ಹಾಗೆ ಒಂದೇ ತಾಯಿಯಿಂದ ಬಂದ ಗಿಡಗಳೆಲ್ಲ ಒಂದು ಕ್ಲೋನ್. ಕೋಟ್ಟಯಂನಲ್ಲಿರುವ ಭಾರತೀಯ ರಬ್ಬರ್ ಸಂಶೋಧನಾ ಸಂಸ್ಥೆ 1980ರಲ್ಲಿ ಬಿಡುಗಡೆ ಮಾಡಿದ ಆರ್‌ಆರ್‌ಐಐ 105 ದೇಶದ ತೋಟಗಳ ಮುಖವನ್ನೇ ಬದಲಿಸಿತು. ಹಾಲು ಬಹಳ. ಆದರೆ ಕೊರಿನೆಸ್ಪೊರಾ ಎಂಬ ಎಲೆರೋಗಕ್ಕೆ ಅದು ಸುಲಭ ತುತ್ತು. 1990ರ ದಶಕದಲ್ಲಿ ಕರ್ನಾಟಕದ ತೋಟಗಳು ಅದರಿಂದ ನಲುಗಿದವು. ಅದರ ಸಂತತಿಯಾದ 414 ಮತ್ತು 430 ಆಮೇಲೆ ಬಂದವು. ಇಡೀ ತೋಟಕ್ಕೆ ಒಂದೇ ಕ್ಲೋನ್ ಹಾಕುವ ಬದಲು ಎರಡು ಮೂರನ್ನು ಬೇರೆ ಬೇರೆ ತುಂಡುಗಳಲ್ಲಿ ಹಾಕುವುದು ಜಾಣತನ. ಮಳೆಗಾಲದ ಎಲೆ ಉದುರುವ ರೋಗಕ್ಕೆ ಮೇ ಕೊನೆಯೊಳಗೆ ಬೋರ್ಡೊ ದ್ರಾವಣ ಅಥವಾ ಎಣ್ಣೆಯಲ್ಲಿ ಕಲಸಿದ ತಾಮ್ರದ ಔಷಧಿ ಹೊಡೆಸಬೇಕು. ಅಡಿಕೆಯ ಕೊಳೆರೋಗ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಿಕ್ಕಿದ ಹಾಲನ್ನು ಏನು ಮಾಡುವುದು? ಎರಡು ದಾರಿ. ಒಂದು, ಅಮೋನಿಯ ಹಾಕಿ ಕೆಡದಂತೆ ಮಾಡಿ ಹಾಲನ್ನೇ ಮಾರುವುದು. ಆಗ ಬೆಲೆ ಸಿಗುವುದು ಡಿಆರ್‌ಸಿ ಲೆಕ್ಕದಲ್ಲಿ, ಅಂದರೆ ಹಾಲಿನಲ್ಲಿ ಒಣ ರಬ್ಬರ್ ಶೇಕಡಾ ಎಷ್ಟಿದೆ ಎಂಬುದರ ಮೇಲೆ. ಮಾದರಿಯನ್ನು ಕಣ್ಣೆದುರೇ ತೆಗೆಯಲು ಹೇಳಿ. ಇನ್ನೊಂದು, ಮನೆಯಲ್ಲೇ ಶೀಟ್ ಮಾಡುವುದು. ಹಾಲನ್ನು ಜರಡಿ ಹಿಡಿದು, ನೀರು ಬೆರೆಸಿ, ಚಪ್ಪಟೆ ಡಿಶ್‌ಗಳಿಗೆ ಹೊಯ್ಯುತ್ತಾರೆ. ಒಂದು ಡಿಶ್‌ಗೆ ಅರ್ಧ ಕಿಲೋ ಒಣ ರಬ್ಬರ್ ಬರುವ ಅಂದಾಜು. ನೀರು ಬೆರೆಸಿದ ಫಾರ್ಮಿಕ್ ಆಸಿಡ್ ಹಾಕಿ ಕಲಕಿದರೆ ಹೆಪ್ಪುಗಟ್ಟುತ್ತದೆ. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಹಾಕಬಾರದು. ಕೈಗವಸು, ಕನ್ನಡಕ ಇರಲಿ, ಕ್ಯಾನನ್ನು ಮಕ್ಕಳ ಕೈಗೆಟುಕದ ಕಡೆ ಬೀಗ ಹಾಕಿ ಇಡಿ. ಅಗ್ಗವೆಂದು ಗಂಧಕಾಮ್ಲ ಬಳಸುವವರಿದ್ದಾರೆ, ಅದು ಶೀಟಿನ ಗುಣವನ್ನೂ ರೋಲರನ್ನೂ ಹಾಳುಮಾಡುತ್ತದೆ.

ಹೆಪ್ಪುಗಟ್ಟಿದ್ದನ್ನು ಮೊದಲು ನಯ ರೋಲರಿನಲ್ಲಿ, ಆಮೇಲೆ ಗೆರೆ ರೋಲರಿನಲ್ಲಿ ಹಾಯಿಸಿ ಮೂರು ಮಿಲಿಮೀಟರ್ ದಪ್ಪಕ್ಕೆ ಇಳಿಸುತ್ತಾರೆ. ನೆರಳಿನಲ್ಲಿ ನೀರು ಬಸಿದು ಹೊಗೆಮನೆಗೆ. ಅಲ್ಲಿ 40ರಿಂದ 60 ಡಿಗ್ರಿ ಬಿಸಿಯಲ್ಲಿ ನಾಲ್ಕೈದು ದಿನ. ಬಿಸಿಲಲ್ಲಿ ದಿನಗಟ್ಟಲೆ ಹರಡಿದರೆ ರಬ್ಬರ್ ಅಂಟಂಟಾಗುತ್ತದೆ, ಗ್ರೇಡ್ ಇಳಿಯುತ್ತದೆ. ಪತ್ರಿಕೆಯಲ್ಲಿ ಕಾಣುವ ಆರ್‌ಎಸ್‌ಎಸ್ 4, ಆರ್‌ಎಸ್‌ಎಸ್ 5 ಎಂಬುವು ಹೊಗೆ ಹಾಕಿದ ಶೀಟಿನ ಗ್ರೇಡುಗಳು. ಅಂಕಿ ಚಿಕ್ಕದಾದಷ್ಟೂ ಶೀಟು ಚೆನ್ನ. ಗುಳ್ಳೆ, ಕಸ, ಬೂಸ್ಟು ಇಲ್ಲದ ಶೀಟಿಗೆ ಕಿಲೋಗೆ ಕೆಲವು ರೂಪಾಯಿ ಹೆಚ್ಚು. ಬರೀ ಶುಚಿಯಿಂದ ಸಿಗುವ ಹಣ ಅದು, ಬಿಡಬೇಡಿ. ಗೆರೆಯ ಮೇಲೆ, ಗೆರಟೆಯಲ್ಲಿ ಒಣಗಿ ಉಳಿದದ್ದು ಸ್ಕ್ರ್ಯಾಪ್. ಮಲಯಾಳಿ ಟ್ಯಾಪರ್‌ಗಳು ಒಟ್ಟುಪಾಲ್ ಎನ್ನುತ್ತಾರೆ. ಅದಕ್ಕೂ ಬೆಲೆಯಿದೆ.

ಈಗ ಖರ್ಚು, ಆದಾಯ. ದೇಶದ ಸರಾಸರಿ ಹೆಕ್ಟೇರಿಗೆ ವರ್ಷಕ್ಕೆ ಒಂದೂವರೆ ಸಾವಿರ ಕಿಲೋ ಆಸುಪಾಸು. ಎಕರೆಗೆ 600 ಕಿಲೋ ಹಿಡಿಯಿರಿ. ಉದಾಹರಣೆಗೆ ಕಿಲೋಗೆ 180 ರೂಪಾಯಿ ಸಿಕ್ಕಿತೆನ್ನಿ, 1,08,000 ರೂಪಾಯಿ. ಇದರಿಂದ ಕಳೆಯಬೇಕಾದ ಅತಿ ದೊಡ್ಡ ಬಾಬತ್ತು ಕೆತ್ತುವ ಕೂಲಿ. ಮರಕ್ಕೆ ಎರಡೂವರೆ ರೂಪಾಯಿ ಎಂದು ಮಾತಾಡಿದ್ದರೆ 180 ಮರಕ್ಕೆ ಒಂದು ಬೆಳಗಿಗೆ 450. ವರ್ಷಕ್ಕೆ 150 ಸಲ ಕೆತ್ತಿಸಿದರೆ 67,500. ಮೂರು ದಿನಕ್ಕೊಮ್ಮೆಯಂತೆ ನೂರು ಸಲವಾದರೆ 45,000. ವಾರಕ್ಕೊಮ್ಮೆ ಐವತ್ತು ಸಲವಾದರೆ, ಕೂಲಿಯ ದರವನ್ನು ಇಮ್ಮಡಿ ಕೊಟ್ಟರೂ 45,000ದಲ್ಲೇ ನಿಲ್ಲುತ್ತದೆ. ನಿಮ್ಮೂರಿನ ದರ ಹಾಕಿ ಈ ಲೆಕ್ಕವನ್ನು ನೀವೇ ಮಾಡಿ. ರೇಟು ಬಿದ್ದ ವರ್ಷಗಳಲ್ಲಿ ಅರ್ಧಕ್ಕರ್ಧ ಪಾಲಿಗೆ ಕೊಡುವ ರೂಢಿಯೂ ಇದೆ. ಗೊಬ್ಬರ, ಔಷಧಿ, ರೈನ್ ಗಾರ್ಡ್, ಆಸಿಡ್, ಸೌದೆ ಇವು ಬೇರೆ. ಮೊದಲ ಏಳು ವರ್ಷ ಖರ್ಚೇ ಹೊರತು ರಬ್ಬರಿನಿಂದ ಒಂದು ಕಾಸೂ ಹುಟ್ಟುವುದಿಲ್ಲ ಎಂಬುದೂ ನೆನಪಿರಲಿ. ಸಾಲ ಮಾಡಿ ಹಾಕುವವರು ಇದನ್ನು ಎರಡು ಸಲ ಯೋಚಿಸಬೇಕು.

ರೇಟಿನ ಏರಿಳಿತವನ್ನೂ ನೋಡಿ. 2011ರಲ್ಲಿ ಕಿಲೋಗೆ 240 ರೂಪಾಯಿ ಮುಟ್ಟಿತ್ತು. 2016ರ ಆರಂಭಕ್ಕೆ ನೂರರ ಕೆಳಗೆ ಬಿತ್ತು. 2024ರ ಆಗಸ್ಟ್‌ನಲ್ಲಿ ಮತ್ತೆ 240 ದಾಟಿತು. ಟೈರ್ ಕಂಪನಿಗಳ ಬೇಡಿಕೆ, ಕಚ್ಚಾತೈಲದ ಬೆಲೆ, ಥಾಯ್ಲೆಂಡ್, ಇಂಡೋನೇಷ್ಯಾಗಳ ಮಳೆ ಎಲ್ಲವೂ ಸೇರಿ ಇದನ್ನು ಕುಣಿಸುತ್ತವೆ. 100 ರೂಪಾಯಿಗೂ ತೋಟ ಉಳಿಯಬಲ್ಲದೇ ಎಂದು ಲೆಕ್ಕ ಹಾಕಿ ನೆಡಿ. ರೇಟು ತೀರಾ ಬಿದ್ದರೆ ಕೆತ್ತದೆ ಬಿಟ್ಟುಬಿಡಬಹುದು, ತೊಗಟೆ ಎಲ್ಲಿಗೂ ಹೋಗುವುದಿಲ್ಲ. ಈ ಅನುಕೂಲ ಬೇರೆ ಬೆಳೆಗಳಿಗೆ ಕಡಿಮೆ.

ಜೇನು ಸಾಕುವವರಿಗೆ ರಬ್ಬರ್ ತೋಟದಲ್ಲಿ ಇನ್ನೊಂದು ವರಮಾನ. ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿ ಹೊಸ ಚಿಗುರು ಬಂದಾಗ, ಮೂರು ಎಸಳು ಕೂಡುವ ತೊಟ್ಟಿನ ತುದಿಯಲ್ಲಿ ಮಕರಂದ ಜಿನುಗುತ್ತದೆ. ಹೂವಿನಿಂದಲ್ಲ, ಎಲೆಯಿಂದ. ಪುತ್ತೂರು, ಸುಳ್ಯ ಕಡೆ ಆ ಎರಡು ಮೂರು ತಿಂಗಳು ಜೇನು ಪೆಟ್ಟಿಗೆಗಳು ರಬ್ಬರ್ ತೋಟಕ್ಕೆ ಸ್ಥಳಾಂತರವಾಗುತ್ತವೆ. ಆ ಹೊತ್ತಿಗೆ ಬೂದಿರೋಗಕ್ಕೆ ಗಂಧಕದ ಪುಡಿ ಹೊಡೆಸುವುದಿದ್ದರೆ ಪೆಟ್ಟಿಗೆಯವರಿಗೆ ಮೊದಲೇ ತಿಳಿಸಿ. ಹಾಲು ಬತ್ತಿದ ಮುದಿ ಮರಕ್ಕೂ ಬೆಲೆಯುಂಟು. ಬೋರಾಕ್ಸ್, ಬೋರಿಕ್ ಆಸಿಡ್ ಕುಡಿಸಿ ಹುಳು ಹಿಡಿಯದಂತೆ ಮಾಡಿದ ರಬ್ಬರ್ ಹಲಗೆ ಪೀಠೋಪಕರಣಕ್ಕೆ ಹೋಗುತ್ತದೆ. ಕಡಿದ ಮರ ತೋಟದಲ್ಲಿ ಬಿದ್ದಷ್ಟು ದಿನ ಬೂಸ್ಟು ಹಿಡಿದು ಬೆಲೆ ಇಳಿಯುತ್ತದೆ, ಲಾರಿ ಗೊತ್ತುಮಾಡಿದ ಮೇಲೇ ಕಡಿಸಿ.

ಎಲ್ಲಿ ವಿಚಾರಿಸುವುದು? ರಬ್ಬರ್ ಮಂಡಳಿ 1947ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ, ಮುಖ್ಯ ಕಚೇರಿ ಕೋಟ್ಟಯಂ. ಪುತ್ತೂರಿನಲ್ಲಿ ಅದರ ಪ್ರಾದೇಶಿಕ ಕಚೇರಿ ಇದೆ. ಕಡಬದ ಹತ್ತಿರ ನೆಟ್ಟಣದಲ್ಲಿ ತಳಿ ಸಂಶೋಧನೆಯ ಉಪಕೇಂದ್ರವಿದೆ, ನಮ್ಮ ಹವೆಗೆ ಯಾವ ಕ್ಲೋನ್ ಒಗ್ಗಿದೆ ಎಂದು ಅಲ್ಲಿ ಕಣ್ಣಾರೆ ನೋಡಬಹುದು. ಗಿಡವನ್ನು ಮಂಡಳಿಯ ನರ್ಸರಿ ಅಥವಾ ಮಂಡಳಿ ಒಪ್ಪಿದ ನರ್ಸರಿಯಿಂದಲೇ ಕೊಳ್ಳಿ, ರಸೀದಿಯಲ್ಲಿ ಕ್ಲೋನ್ ಹೆಸರು ಬರೆಸಿ. ನೆಡುವ ಸಹಾಯಧನದ ನಿಯಮಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ನೆಡುವ ಮೊದಲೇ ಕಚೇರಿಗೆ ಹೋಗಿ ಪಹಣಿ ತೋರಿಸಿ ಕೇಳಿ. ಊರಿನಲ್ಲಿ ರಬ್ಬರ್ ಉತ್ಪಾದಕರ ಸಂಘ ಇದ್ದರೆ ಸೇರಿಕೊಳ್ಳಿ. ರೈನ್ ಗಾರ್ಡ್ ಸಾಮಾನು, ಔಷಧಿ ಒಟ್ಟಾಗಿ ತರಿಸಿದರೆ ಅಗ್ಗ. ಶೀಟ್ ಮಾರಲು ಉಜಿರೆಯಲ್ಲಿ ಬೆಳೆಗಾರರದೇ ಸಹಕಾರಿ ಸಂಘವಿದೆ, ಪೇಟೆ ಪೇಟೆಯಲ್ಲಿ ಖಾಸಗಿ ವ್ಯಾಪಾರಿಗಳಿದ್ದಾರೆ. ಮಂಡಳಿಯ ದಿನದ ದರ ನೋಡಿಕೊಂಡೇ ಮಾತಾಡಿ.

ಕೆತ್ತುವವರನ್ನು ಹುಡುಕುವುದು ಕೊನೆಗೂ ನಿಮ್ಮದೇ ಕೆಲಸ. ಸುಳ್ಯ, ಪುತ್ತೂರು ಸೀಮೆಯಲ್ಲಿ 1964ರ ಭಾರತ-ಶ್ರೀಲಂಕಾ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆಂದು ಸರ್ಕಾರ ರಬ್ಬರ್ ತೋಟ ಎಬ್ಬಿಸಿತು. ಈಗ ಅವು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಆ ಮನೆಗಳಲ್ಲಿ ತಲೆಮಾರುಗಳಿಂದ ಪಳಗಿದ ಕೈಗಳಿವೆ, ಕೇಳಿ ನೋಡಿ. ಹೊಸಬರಿಗೆ ರಬ್ಬರ್ ಮಂಡಳಿ ಟ್ಯಾಪಿಂಗ್ ತರಬೇತಿ ಕೊಡುತ್ತದೆ, ಹೆಂಗಸರೂ ಕಲಿತು ಚೆನ್ನಾಗಿ ದುಡಿಯುತ್ತಿದ್ದಾರೆ. ಗಿಡಕ್ಕೆ ಐದು ತುಂಬಿದಾಗಲೇ ಮನೆಯಿಂದ ಒಬ್ಬರನ್ನು ಕಳುಹಿಸಿ. ಕಡಿಯಲು ಬಿಟ್ಟ ಯಾರದಾದರೂ ಹಳೆಯ ತೋಟದಲ್ಲಿ ಅವರು ಎರಡು ವರ್ಷ ಕತ್ತಿ ಆಡಿಸಿ ಕಲಿಯಲಿ. ನಿಮ್ಮ ಮರಗಳು ಐವತ್ತು ಸೆಂಟಿಮೀಟರ್ ತಲುಪುವಷ್ಟರಲ್ಲಿ ಅವರಿಗೆ ಆಳದ ಅಂದಾಜು ಸಿಕ್ಕಿರುತ್ತದೆ.